ಕುಡಿಯದ ದಿನಗಳಿಗೆ ಸಾಕ್ಷಿ ಎಲ್ಲಿದೆ?

ರಾತ್ರಿ ಪೊಲೀಸರು ಕಾರು ನಿಲ್ಲಿಸಿ ಊದಿಸುತ್ತಾರೆ, ಆಮೇಲೆ ರಕ್ತ ತೆಗೆಸುತ್ತಾರೆ. ಫಲಿತಾಂಶ 1.6 ಪ್ರೊಮಿಲೆ, ಅಂದರೆ ಒಂದು ಕಿಲೋ ರಕ್ತದಲ್ಲಿ 1.6 ಗ್ರಾಂ ಆಲ್ಕೊಹಾಲ್. ಆದರೂ ಚಾಲಕನ ನಾಲಿಗೆ ತೊದಲುತ್ತಿಲ್ಲ, ಕಾಲು ತಡವರಿಸುತ್ತಿಲ್ಲ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಬರುತ್ತಿದೆ. ಇಷ್ಟು ಗಟ್ಟಿಗನಾಗಿದ್ದರೆ ಅಪಾಯ ಕಡಿಮೆಯಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಜರ್ಮನಿಯಲ್ಲಿ ಇದೇ ಗಟ್ಟಿತನ ಆತನಿಗೆ ಮುಳುವಾಗುತ್ತದೆ. ಅಪರೂಪಕ್ಕೆ ಕುಡಿಯುವವರು ಈ ಮಟ್ಟದಲ್ಲಿ ನೆಟ್ಟಗೆ ನಿಲ್ಲಲಾರರು. ನಿಂತಿದ್ದಾರೆಂದರೆ ಮಿದುಳು ಎಷ್ಟೋ ತಿಂಗಳುಗಳಿಂದ ಆಲ್ಕೊಹಾಲಿಗೆ ಒಗ್ಗಿಕೊಂಡಿದೆ ಎಂದರ್ಥ. ಒಗ್ಗಿಕೊಂಡ ಮಿದುಳಿಗೆ ಅಮಲು ಕಡಿಮೆ ಗೊತ್ತಾಗುತ್ತದೆ, ಅಷ್ಟೆ. ಕತ್ತಲಲ್ಲಿ ದೂರ ಅಂದಾಜಿಸುವ ಶಕ್ತಿ, ಬ್ರೇಕ್ ಒತ್ತಲು ಹಿಡಿಯುವ ಸಮಯ ಇವೆಲ್ಲ ಆಗಲೂ ಕೆಟ್ಟೇ ಇರುತ್ತವೆ.

ಅಲ್ಲಿನ ಲೆಕ್ಕಾಚಾರ ಹೀಗಿದೆ. 0.5 ಪ್ರೊಮಿಲೆ ದಾಟಿದರೆ ದಂಡ ಕಟ್ಟಬೇಕು, ಕನಿಷ್ಠ ಒಂದು ತಿಂಗಳು ವಾಹನ ಓಡಿಸುವಂತಿಲ್ಲ. 1.1 ದಾಟಿದರೆ ಅದು ಅಪರಾಧ. ಲೈಸೆನ್ಸೇ ರದ್ದಾಗುತ್ತದೆ, ಹೊಸದನ್ನು ಪಡೆಯಲು ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಕಾಯಬೇಕು. 1.6 ಮುಟ್ಟಿದರೆ ಕಾಯುವ ಅವಧಿ ಮುಗಿದರೂ ಲೈಸೆನ್ಸ್ ತಾನಾಗಿ ಕೈಗೆ ಬರುವುದಿಲ್ಲ. ‘ಎಂಪಿಯು’ ಎಂಬ ವೈದ್ಯಕೀಯ ಮತ್ತು ಮನೋವೈಜ್ಞಾನಿಕ ಪರೀಕ್ಷೆ ದಾಟಬೇಕು. ಸೈಕಲ್ ತುಳಿಯುತ್ತಿದ್ದವರಿಗೂ ಈ 1.6ರ ನಿಯಮ ಅನ್ವಯಿಸುತ್ತದೆ. ಮೇಲೆ ಹೇಳಿದ ಗಟ್ಟಿತನದ ತರ್ಕವನ್ನು ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ಇನ್ನೂ ಮುಂದಕ್ಕೆ ಒಯ್ದಿತು: 1.1 ಇದ್ದು ಅಮಲಿನ ಲಕ್ಷಣವೇ ಕಾಣದಿದ್ದರೆ, ಮೊದಲ ಸಲ ಸಿಕ್ಕಿಬಿದ್ದವರಿಗೂ ಎಂಪಿಯು ತಪ್ಪಿದ್ದಲ್ಲ.

‘ಅವತ್ತು ಮೂರೇ ಬಿಯರ್ ಕುಡಿದಿದ್ದೆ’ ಎನ್ನುವುದು ಪರೀಕ್ಷಕರು ಕೇಳಿ ಕೇಳಿ ಸಾಕಾದ ಮಾತು. ಅದನ್ನು ಪರೀಕ್ಷಿಸಲು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಕೊಟ್ಟ ಸೂತ್ರವೊಂದಿದೆ. ಕುಡಿದ ಆಲ್ಕೊಹಾಲಿನ ಗ್ರಾಂಗಳನ್ನು ದೇಹತೂಕದಿಂದಲೂ, ದೇಹದ ನೀರಿನ ಪಾಲನ್ನು ಸೂಚಿಸುವ ಒಂದು ಸಂಖ್ಯೆಯಿಂದಲೂ (ಗಂಡಸರಿಗೆ ಸುಮಾರು 0.7, ಹೆಂಗಸರಿಗೆ 0.6) ಭಾಗಿಸಿದರೆ ಪ್ರೊಮಿಲೆ ಸಿಗುತ್ತದೆ. 5 ಶೇಕಡಾದ ಅರ್ಧ ಲೀಟರ್ ಬಿಯರಿನಲ್ಲಿ 25 ಮಿಲಿಲೀಟರ್ ಆಲ್ಕೊಹಾಲ್ ಇರುತ್ತದೆ, ತೂಕದಲ್ಲಿ 20 ಗ್ರಾಂ. ಮೂರು ಬಿಯರಿಗೆ 60 ಗ್ರಾಂ. 80 ಕಿಲೋ ತೂಕದ ಗಂಡಸು ಅಷ್ಟನ್ನೂ ಒಂದೇ ಗುಟುಕಿಗೆ ಇಳಿಸಿದರೂ 1.07 ದಾಟುವುದಿಲ್ಲ. 1.6 ಬರಬೇಕಾದರೆ ಸುಮಾರು 90 ಗ್ರಾಂ ಬೇಕು. ಅದರ ಜೊತೆ ಲಿವರ್ ಗಂಟೆಗೆ 0.15 ಪ್ರೊಮಿಲೆಯಷ್ಟು ಕರಗಿಸುತ್ತಲೇ ಇರುತ್ತದೆ. ಸಂಜೆಯಿಂದ ನಾಲ್ಕು ಗಂಟೆ ಕೂತಿದ್ದರೆ ಇನ್ನೊಂದು 34 ಗ್ರಾಂ ಸೇರಿಸಬೇಕು. ಮೂರು ಬಿಯರ್ ಎಂದದ್ದು ಕಾಗದದ ಮೇಲೆ ಆರು ದಾಟಿತು. ಈ ಲೆಕ್ಕವನ್ನು ಮೊದಲು ತಾವೇ ಹಾಕಿಕೊಂಡು ನೋಡಿದವರು ಪರೀಕ್ಷಕರ ಮುಂದೆ ಮುಜುಗರಪಡುವುದು ತಪ್ಪುತ್ತದೆ.

ಎಂಪಿಯು ದಾಟಲು ಎಷ್ಟು ಕಾಲ ಕುಡಿಯದಿರಬೇಕು ಎಂಬುದು ಕುಡಿತ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದರ ಮೇಲೆ ನಿಂತಿದೆ. ಅತಿಯಾಗಿ ಕುಡಿಯುತ್ತಿದ್ದರೂ ಹಿಡಿತ ಪೂರ್ತಿ ತಪ್ಪಿರದಿದ್ದವರು ಮಿತಿಯಲ್ಲಿ ಕುಡಿಯಲು ಕಲಿತಿದ್ದೇವೆ ಎಂದು ತೋರಿಸಿದರೂ ಸಾಕಾಗಬಹುದು. ಮಿತಿಯಲ್ಲಿ ಇರಲಾರೆವು ಎಂದು ಈಗಾಗಲೇ ಸಾಬೀತಾದವರು ಪೂರ್ತಿ ಬಿಡಬೇಕು, ಬಿಟ್ಟದ್ದಕ್ಕೆ ಆರು ತಿಂಗಳ ಅಥವಾ ಒಂದು ವರ್ಷದ ದಾಖಲೆ ಕೊಡಬೇಕು. ವ್ಯಸನವೇ ಆಗಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಒಂದು ವರ್ಷದ ದಾಖಲೆ.

ದಾಖಲೆಯ ವಿಷಯಕ್ಕೆ ಹೋಗುವ ಮುನ್ನ ಒಂದು ಎಚ್ಚರಿಕೆ. ದಿನವೂ ಬೆಳಗ್ಗೆಯಿಂದಲೇ ಕುಡಿಯುತ್ತಿದ್ದವರು ಲೈಸೆನ್ಸಿನ ಆಸೆಗೆ ಒಂದೇ ದಿನದಲ್ಲಿ ನಿಲ್ಲಿಸಲು ಹೋಗಬಾರದು. ಆಲ್ಕೊಹಾಲ್ ಮಿದುಳಿನ ಗಾಬಾ ಎಂಬ ಶಾಂತಗೊಳಿಸುವ ವ್ಯವಸ್ಥೆಗೆ ಬಲ ಕೊಡುತ್ತದೆ. ಅದಕ್ಕೆ ಎದುರಾಗಿ ಮಿದುಳು ಗ್ಲುಟಮೇಟ್ ಎಂಬ ಉದ್ರೇಕಿಸುವ ವ್ಯವಸ್ಥೆಯನ್ನು ಬಲಪಡಿಸಿಕೊಂಡಿರುತ್ತದೆ. ಆಲ್ಕೊಹಾಲ್ ಥಟ್ಟನೆ ನಿಂತರೆ ತಡೆಯೇ ಇಲ್ಲದ ಉದ್ರೇಕ ಉಳಿಯುತ್ತದೆ. ಮೊದಲ ದಿನ ಕೈ ನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನ ಕಳೆದ ಮೇಲೆ ಜ್ವರ, ಗೊಂದಲ, ಇಲ್ಲದ್ದು ಕಣ್ಣಿಗೆ ಕಾಣುವ ಡೆಲಿರಿಯಮ್ ಶುರುವಾಗಬಹುದು, ಅದು ಪ್ರಾಣಕ್ಕೂ ಎರವಾಗಬಲ್ಲದು. ಹಾಗಾಗಿ ನಡುಕದ ಅನುಭವ ಒಮ್ಮೆಯಾದರೂ ಆದವರು ಆಸ್ಪತ್ರೆಯ ನಿಗಾದಲ್ಲೇ ಬಿಡಬೇಕು. ಅಲ್ಲಿ ಶಾಮಕ ಔಷಧಿಯನ್ನು ದಿನೇ ದಿನೇ ಇಳಿಸುತ್ತಾ ಬರುತ್ತಾರೆ, ಮಿದುಳನ್ನು ಕಾಪಾಡಲು ಥಯಾಮಿನ್ (ಬಿ1 ಜೀವಸತ್ವ) ಕೊಡುತ್ತಾರೆ.

ಇನ್ನು ದಾಖಲೆ. ಬಹಳ ಜನ ಮನೆ ವೈದ್ಯರ ಹತ್ತಿರ ಮೂರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಮಾಡಿಸಿ, ಎಲ್ಲ ಮಾಮೂಲಾಗಿದೆ ಎಂಬ ಚೀಟಿಗಳನ್ನು ಜೋಡಿಸಿಟ್ಟುಕೊಳ್ಳುತ್ತಾರೆ. ಎಂಪಿಯುನಲ್ಲಿ ಅವು ಕುಡಿಯದಿರುವುದಕ್ಕೆ ಪುರಾವೆಯಾಗುವುದಿಲ್ಲ. ಜಿಜಿಟಿ ಎಂಬ ಕಿಣ್ವ ಏರುವುದು ಬಹುಕಾಲದ ಭಾರೀ ಕುಡಿತಕ್ಕೆ; ಬೊಜ್ಜು, ಕೆಲವು ಮಾತ್ರೆಗಳು, ಪಿತ್ತಕೋಶದ ತೊಂದರೆ ಇವಕ್ಕೂ ಏರುತ್ತದೆ. ಸಿಡಿಟಿ ಇದಕ್ಕಿಂತ ಚುರುಕಿನ ಸೂಚಕ. ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನಿನ ಸಕ್ಕರೆಯ ಬಾಲಗಳು ಕುಡಿತದಿಂದ ಮೊಟಕಾಗುತ್ತವೆ, ಅದನ್ನು ಸಿಡಿಟಿ ಅಳೆಯುತ್ತದೆ. ಅದು ಏರಬೇಕಾದರೂ ದಿನಕ್ಕೆ 50ರಿಂದ 80 ಗ್ರಾಂನಂತೆ ಒಂದೆರಡು ವಾರ ಕುಡಿಯಬೇಕು. ವಾರಕ್ಕೊಮ್ಮೆ ಶನಿವಾರ ರಾತ್ರಿ ಚೆನ್ನಾಗಿ ಕುಡಿಯುವವರು ಈ ಎರಡು ಬಲೆಗಳಿಂದಲೂ ನುಣುಚಿಕೊಳ್ಳಬಹುದು.

ನುಣುಚಿಕೊಳ್ಳಲಾಗದ ಬಲೆಯ ಹೆಸರು ಈಥೈಲ್ ಗ್ಲುಕ್ಯುರೊನೈಡ್, ಚಿಕ್ಕದಾಗಿ ಇಟಿಜಿ. ಕುಡಿದ ಆಲ್ಕೊಹಾಲಿನ ಬಹುಪಾಲನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್, ಆಮೇಲೆ ಅಸಿಟೇಟ್ ಮಾಡಿ ಮುಗಿಸುತ್ತದೆ. ಒಂದಷ್ಟು ಉಸಿರು, ಬೆವರು, ಮೂತ್ರದಲ್ಲಿ ಇದ್ದ ಹಾಗೇ ಹೊರಬೀಳುತ್ತದೆ. ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಭಾಗ ಮಾತ್ರ ಗ್ಲುಕ್ಯುರಾನಿಕ್ ಆಮ್ಲದ ಜೊತೆ ಕೂಡಿ ಇಟಿಜಿ ಆಗುತ್ತದೆ. ಇದೊಂದು ಸಣ್ಣ ಅಡ್ಡದಾರಿ, ಆದರೆ ಸಾಕ್ಷಿ ಉಳಿಯುವುದು ಇದರಲ್ಲೇ. ಆಲ್ಕೊಹಾಲ್ ಕೆಲವು ಗಂಟೆಗಳಲ್ಲಿ ಮಾಯವಾದರೂ ಇಟಿಜಿ ಮೂತ್ರದಲ್ಲಿ ಒಂದೆರಡು ದಿನ, ಭಾರೀ ಕುಡಿತದ ನಂತರ ಮೂರು ದಿನಕ್ಕೂ ಹೆಚ್ಚು ಉಳಿಯಬಲ್ಲದು. ಎಂಪಿಯುಗೆ ಬೇಕಾದ ಮೂತ್ರಪರೀಕ್ಷೆಯ ಗಡಿ ಲೀಟರಿಗೆ 0.1 ಮಿಲಿಗ್ರಾಂ.

ಮೂರು ದಿನದ ಕಿಟಕಿಯಿಂದ ಇಡೀ ವರ್ಷವನ್ನು ನೋಡುವುದು ಹೇಗೆ? ಕರೆ ಯಾವಾಗ ಬರುತ್ತದೆ ಎಂದು ತಿಳಿಸದೇ ಇರುವುದರಿಂದ. ಒಂದು ವರ್ಷಕ್ಕೆ ಕನಿಷ್ಠ ಆರು ಸಲ, ಆರು ತಿಂಗಳಿಗೆ ನಾಲ್ಕು ಸಲ ಕರೆಯುತ್ತಾರೆ. ಕರೆ ಬಂದರೆ ಮರುದಿನದೊಳಗೆ ಹಾಜರಾಗಬೇಕು, ಯಾರಾದರೂ ನೋಡುತ್ತಿರುವಂತೆಯೇ ಮೂತ್ರ ಕೊಡಬೇಕು. ಊರು ಬಿಟ್ಟು ಹೋಗುವುದಿದ್ದರೆ ಮೊದಲೇ ತಿಳಿಸಬೇಕು. ಫೋನ್ ಎತ್ತಲಿಲ್ಲ, ಅಂಚೆಪೆಟ್ಟಿಗೆ ನೋಡಲಿಲ್ಲ ಎಂಬ ನೆಪಗಳು ನಡೆಯುವುದಿಲ್ಲ; ಸರಿಯಾದ ಕಾರಣವಿಲ್ಲದೆ ಒಂದು ಸಲ ತಪ್ಪಿದರೆ ಅದುವರೆಗಿನ ತಿಂಗಳುಗಳೆಲ್ಲ ನೀರಿಗೆ ಬಿದ್ದಂತೆ. ನೀರಿನ ವಿಷಯದಲ್ಲೇ ಇನ್ನೊಂದು ಎಡವಟ್ಟು ಆಗುತ್ತದೆ. ಸರಿಯಾಗಿ ಮೂತ್ರ ಬರಲಿ ಎಂದು ಬಾಟಲಿಗಟ್ಟಲೆ ನೀರು ಕುಡಿದು ಹೋಗುವವರಿದ್ದಾರೆ. ಪ್ರಯೋಗಾಲಯ ಇಟಿಜಿ ಜೊತೆಗೆ ಮೂತ್ರ ಎಷ್ಟು ಗಾಢವಾಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕೂಡ ಅಳೆಯುತ್ತದೆ. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮಾದರಿ ತೆಳುವಾಗಿದೆ ಎಂದು ತಳ್ಳಿಹಾಕುತ್ತಾರೆ. ಒಂದು ಹನಿ ಕುಡಿಯದವರೂ ಹೀಗೆ ಅನುಮಾನಕ್ಕೆ ಗುರಿಯಾಗುತ್ತಾರೆ. ಬೆಳಗಿನ ಮೊದಲ ಗಾಢ ಮೂತ್ರ, ಇಲ್ಲವೇ ಮಾಮೂಲಿನಂತೆ ಒಂದೆರಡು ಲೋಟ ನೀರು ಕುಡಿದ ಮೇಲಿನದು ಒಳ್ಳೆಯದು. ಮೂತ್ರನಾಳದ ಸೋಂಕಿದ್ದಾಗಲೂ ಹೇಳುವುದು ಲೇಸು, ಏಕೆಂದರೆ ಇ. ಕೋಲೈ ಬ್ಯಾಕ್ಟೀರಿಯಾ ಸೀಸೆಯಲ್ಲೇ ಇಟಿಜಿಯನ್ನು ಒಡೆಯಬಲ್ಲದು.

ಕರೆಯ ಕಾಟ ಬೇಡ ಎನ್ನುವವರಿಗೆ ಕೂದಲಿನ ದಾರಿಯಿದೆ. ರಕ್ತದಿಂದಲೂ ಬೆವರಿನಿಂದಲೂ ಇಟಿಜಿ ಬೆಳೆಯುವ ಕೂದಲೊಳಗೆ ಸೇರಿಕೊಳ್ಳುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡದ 3 ಸೆಂಟಿಮೀಟರ್ ಹಿಂದಿನ ಮೂರು ತಿಂಗಳ ದಿನಚರಿ. ತಲೆಯ ಹಿಂಭಾಗದಿಂದ ಪೆನ್ಸಿಲ್ ದಪ್ಪದ ಜೊಂಪೆಯನ್ನು ದಾರದಲ್ಲಿ ಕಟ್ಟಿ, ಚರ್ಮಕ್ಕೆ ತಾಗುವಂತೆ ಕತ್ತರಿಸುತ್ತಾರೆ. ಬುಡ ಯಾವುದು ತುದಿ ಯಾವುದು ಎಂದು ಗುರುತು ಹಾಕುತ್ತಾರೆ. ಗಡಿ ಒಂದು ಮಿಲಿಗ್ರಾಂ ಕೂದಲಿಗೆ 5 ಪಿಕೊಗ್ರಾಂ. ಸಾವಿರ ಟನ್ ಕೂದಲು ಒಟ್ಟು ಹಾಕಿದರೆ ಅದರಲ್ಲಿ 5 ಗ್ರಾಂ ಎಂದು ಊಹಿಸಿಕೊಳ್ಳಬಹುದು. ಮೊದಲು ಈ ಗಡಿ 7 ಇತ್ತು, ಕೂದಲು ಪರೀಕ್ಷೆಯ ಅಂತರರಾಷ್ಟ್ರೀಯ ತಜ್ಞರ ಸಂಘ 2019ರಲ್ಲಿ ಅದನ್ನು 5ಕ್ಕೆ ಇಳಿಸಿತು. 30 ದಾಟಿದರೆ ನಿತ್ಯದ ಭಾರೀ ಕುಡಿತ ಎಂದೇ ತಿಳಿಯುತ್ತಾರೆ.

ಕೂದಲು ಉದ್ದವಾಗಿದ್ದರೆ ಒಂದೇ ಸಲಕ್ಕೆ 12 ಸೆಂಟಿಮೀಟರ್ ನೋಡಿ ವರ್ಷದ ಲೆಕ್ಕ ಮುಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಇಟಿಜಿ ನೀರಿನಲ್ಲಿ ಕರಗುವ ವಸ್ತು. ತಲೆ ತೊಳೆದಂತೆಲ್ಲ ಹಳೆಯ ಭಾಗದಿಂದ ಅದು ಸೋರಿ ಹೋಗುತ್ತದೆ, ದೂರದ ತಿಂಗಳುಗಳು ಸುಳ್ಳೇ ಶುದ್ಧವಾಗಿ ಕಾಣುತ್ತವೆ. ಅದಕ್ಕೇ ಆಲ್ಕೊಹಾಲಿಗೆ ಒಮ್ಮೆಗೆ 3 ಸೆಂಟಿಮೀಟರ್ ಮಾತ್ರ ಲೆಕ್ಕಕ್ಕೆ, ವರ್ಷಕ್ಕೆ ನಾಲ್ಕು ಮಾದರಿ, ನಡುವೆ ಕಂಡಿ ಬೀಳದಂತೆ. ಎರಡು ವಾರ ತಡಮಾಡಿದರೆ ಆ ಎರಡು ವಾರಗಳಿಗೆ ಸಾಕ್ಷಿಯೇ ಇರುವುದಿಲ್ಲ. ಬ್ಲೀಚ್ ಮಾಡಿದ, ಬಣ್ಣ ಹಚ್ಚಿದ ಕೂದಲೂ ನಡೆಯುವುದಿಲ್ಲ, ಅವುಗಳ ರಾಸಾಯನಿಕಗಳು ಇಟಿಜಿಯನ್ನು ಕೆಡಿಸುತ್ತವೆ. ಬಕ್ಕತಲೆಯವರಿಗೆ ಮೂತ್ರವೇ ಗತಿ.

ರಕ್ತದಲ್ಲಿ ಸಿಗುವ ಇನ್ನೊಂದು ಸಾಕ್ಷಿ ಫಾಸ್ಫಟಿಡಿಲ್ ಎಥನಾಲ್ ಅಥವಾ ‘ಪೆತ್’. ಆಲ್ಕೊಹಾಲ್ ಇದ್ದಾಗ ಮಾತ್ರ ಕೆಂಪು ರಕ್ತಕಣದ ಪೊರೆಯಲ್ಲಿ ತಯಾರಾಗುವ ಕೊಬ್ಬು ಇದು. ಎರಡರಿಂದ ನಾಲ್ಕು ವಾರ ಉಳಿಯುತ್ತದೆ. ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕುಡಿದಿಲ್ಲ ಅಥವಾ ತೀರಾ ಕಡಿಮೆ ಕುಡಿದಿದ್ದಾರೆ, 200 ದಾಟಿದರೆ ವಿಪರೀತ ಎಂದು ಅರ್ಥ. ಮಿತಿಯಲ್ಲಿ ಕುಡಿಯುತ್ತೇವೆ ಎನ್ನುವವರ ಮಾತನ್ನು ತೂಗಿ ನೋಡಲು ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಜಕ್ಕೂ ಬಿಟ್ಟವರನ್ನು ಕಾಡುವುದು ಕದ್ದು ಬರುವ ಆಲ್ಕೊಹಾಲ್. ಜರ್ಮನಿಯಲ್ಲಿ ‘ಆಲ್ಕೊಹಾಲ್ ರಹಿತ’ ಎಂದು ಮಾರುವ ಬಿಯರಿನಲ್ಲಿ 0.5 ಶೇಕಡಾವರೆಗೂ ಇರಬಹುದು. ಅರ್ಧ ಲೀಟರಿಗೆ 2 ಗ್ರಾಂ, ಐದು ಬಾಟಲಿಗೆ 10 ಗ್ರಾಂ. ಬೇಸಿಗೆಯ ಒಂದು ಮಧ್ಯಾಹ್ನ ಅಷ್ಟು ಕುಡಿದು ಮರುದಿನ ಕರೆ ಬಂದರೆ ಗಡಿ ದಾಟಿಬಿಡಬಹುದು. 0.0 ಎಂದು ಬರೆದದ್ದೇ ಆಗಬೇಕು. ನಮ್ಮ ಬೇಕರಿಗಳ ಬ್ಲ್ಯಾಕ್ ಫಾರೆಸ್ಟ್ ಕೇಕಿನ ಮೂಲ ರೂಪ ಅಲ್ಲಿ ಚೆರಿ ಬ್ರಾಂಡಿಯಲ್ಲಿ ನೆನೆದಿರುತ್ತದೆ. ವೈನ್ ಹಾಕಿದ ಸಾರು, ಮದ್ಯ ತುಂಬಿದ ಚಾಕಲೇಟು, ಆಲ್ಕೊಹಾಲಿನಲ್ಲಿ ಇಳಿಸಿದ ಗಿಡಮೂಲಿಕೆ ಹನಿಗಳು, ಕೆಲವು ಕೆಮ್ಮಿನ ಸಿರಪ್ಪುಗಳು ಇವನ್ನೆಲ್ಲ ಆ ಒಂದು ವರ್ಷ ದೂರ ಇಡಬೇಕು. ಗಿಡಮೂಲಿಕೆಯ ಕೆಲವು ಹೇರ್ ಟಾನಿಕ್‌ಗಳಲ್ಲಿ ಇಟಿಜಿಯೇ ಸಿಕ್ಕಿದ್ದುಂಟು, ಅದು ಕುಡಿಯದೆಯೇ ನೇರ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಫಲಿತಾಂಶ ಬಂದ ಮೇಲೆ ಕೇಕಿನ ನೆಪ ಹೇಳಿದರೆ ಯಾರೂ ಕೇಳುವುದಿಲ್ಲ, ಏಕೆಂದರೆ ಇವನ್ನು ಮುಟ್ಟುವುದಿಲ್ಲ ಎಂದು ಒಪ್ಪಂದಕ್ಕೆ ಸಹಿ ಹಾಕಿಯೇ ಈ ದಾಖಲೆಯ ಕಾರ್ಯಕ್ರಮ ಶುರುವಾಗಿರುತ್ತದೆ.

ಆ ಸಹಿಗೆ ಮುಂಚಿನ ಮೂತ್ರಪರೀಕ್ಷೆಗಳಿಗೆ ಬೆಲೆಯಿಲ್ಲ, ಕೂದಲಿನಿಂದಲೂ ಹಿಂದಿನ ಮೂರು ತಿಂಗಳಷ್ಟೇ ಸಿಗುತ್ತದೆ. ಇಲ್ಲೇ ಹೆಚ್ಚಿನವರು ವರ್ಷ ಕಳೆದುಕೊಳ್ಳುವುದು. ಕೋರ್ಟು ಹತ್ತು ತಿಂಗಳ ತಡೆ ಹಾಕಿದೆ ಎಂದಿಟ್ಟುಕೊಳ್ಳಿ. ಅದು ಮುಗಿಯಲಿ ಎಂದು ಕಾದು, ಅರ್ಜಿ ಹಾಕಿದ ಮೇಲೆ ಒಂದು ವರ್ಷದ ದಾಖಲೆ ಬೇಕೆಂದು ತಿಳಿದು ಆಗ ಶುರು ಮಾಡಿದರೆ ಎರಡು ವರ್ಷ ಹತ್ತಿರವಾಗುತ್ತದೆ. ಸಿಕ್ಕಿಬಿದ್ದ ತಿಂಗಳೇ ಸಲಹೆ ಪಡೆದು ಶುರು ಮಾಡಿದವರಿಗೆ ತಡೆಯೂ ದಾಖಲೆಯೂ ಜೊತೆಜೊತೆಗೆ ಸಾಗುತ್ತವೆ.

ಕಾಗದಗಳೆಲ್ಲ ಸರಿಯಿದ್ದೂ ಮನೋವಿಜ್ಞಾನಿಯ ಎದುರಿನ ಮಾತುಕತೆಯಲ್ಲಿ ಬೀಳುವವರಿದ್ದಾರೆ. ಏಕೆ ಕುಡಿಯುತ್ತಿದ್ದಿರಿ, ಏನು ಬದಲಾಯಿತು, ಮದುವೆ ಮನೆಯಲ್ಲಿ ಯಾರಾದರೂ ಲೋಟ ಕೈಗಿಟ್ಟರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ‘ಲೈಸೆನ್ಸ್ ಬೇಕಿತ್ತು, ಬಿಟ್ಟೆ’ ಎಂಬ ಉತ್ತರ ಸಾಲದು, ಲೈಸೆನ್ಸ್ ಸಿಕ್ಕ ಮರುದಿನ ಆ ಕಾರಣವೇ ಉಳಿಯುವುದಿಲ್ಲವಲ್ಲ. ವರ್ಷ ಬಿಟ್ಟವರ ದೇಹಕ್ಕೆ ಹಳೆಯ ಒಗ್ಗಿಕೆಯೂ ಹೋಗಿರುತ್ತದೆ. ಹಿಂದೆ ತಡೆದುಕೊಳ್ಳುತ್ತಿದ್ದ ಅಳತೆಯನ್ನೇ ಈಗ ಕುಡಿದರೆ ಏಟು ಬೇರೆಯೇ ಇರುತ್ತದೆ.

ಎಂಪಿಯು ವರದಿ ಪ್ರತಿಕೂಲವಾದರೆ ಅದನ್ನು ಲೈಸೆನ್ಸ್ ಕೊಡುವ ಇಲಾಖೆಗೆ ಕೊಡಲೇಬೇಕೆಂದಿಲ್ಲ. ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಂಡವರ ಸ್ವತ್ತು ಅದು, ಅವರ ಕೈಗೇ ಬರುವಂತೆ ಮೊದಲೇ ಹೇಳಿಡಬೇಕು. ಕೊಟ್ಟರೆ ಕಡತದಲ್ಲಿ ವರ್ಷಗಟ್ಟಲೆ ಕೂರುತ್ತದೆ, ಮುಂದಿನ ಪರೀಕ್ಷಕರು ಅದನ್ನೇ ಮೊದಲು ಓದುತ್ತಾರೆ. ಅರ್ಜಿ ಹಿಂತೆಗೆದುಕೊಂಡು, ವರದಿಯಲ್ಲಿ ಏನು ಕೊರತೆ ಎಂದಿದ್ದಾರೋ ಅದನ್ನು ಸರಿಪಡಿಸಿಕೊಂಡು, ದಾಖಲೆಯ ಸರಣಿ ಕಡಿಯದಂತೆ ಮುಂದುವರಿಸಿ ಮತ್ತೆ ಅರ್ಜಿ ಹಾಕುವುದು ಜಾಣತನ.