ಪಕ್ಕದವರ ದನ ಬೆಳೆ ಮೇಯ್ದರೆ ಹಿಡಿದು ಕಟ್ಟಿಹಾಕಬಹುದಾ?

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಪಾಂಡವಪುರ ತಾಲ್ಲೂಕಿನಲ್ಲಿ ಎರಡು ಎಕರೆ ಕೊಂಡಿದ್ದೇವೆ, ವಾರಕ್ಕೆ ಮೂರು ದಿನ ಹೋಗಿ ಬರುತ್ತೇವೆ. ಬೋರ್‌ವೆಲ್ ನೀರಲ್ಲಿ ಬೀನ್ಸ್ ಹಾಕಿ, ಸುತ್ತ ತೆಂಗಿನ ಸಸಿ ನೆಟ್ಟಿದ್ದೇವೆ. ಪಕ್ಕದವರ ಎರಡು ಹಸು, ಒಂದು ಹೋರಿಗರು, ನಾಲ್ಕೈದು ಮೇಕೆ ದಿನಾ ನುಗ್ಗುತ್ತವೆ. ಕೇಳಿದರೆ ‘ಮೂಕಪ್ರಾಣಿ ಸಾರ್, ಅದಕ್ಕೇನು ಗೊತ್ತು’ ಅಂತಾರೆ. ಕಳೆದ ವಾರ ಬೆಳಿಗ್ಗೆ ಒಂದು ಹಸು ಹಿಡಿದು ಶೆಡ್ಡಿನ ಹತ್ತಿರ ಕಟ್ಟಿದೆವು. ಎರಡು ಸಾವಿರ ಕೊಟ್ಟು ಬಿಡಿಸಿಕೊಳ್ಳಿ ಅಂದೆವು. ಮರುದಿನ ಸಂಜೆ ಹತ್ತು ಜನ ಬಂದು ಗಲಾಟೆ ಮಾಡಿ ಬಿಚ್ಚಿಕೊಂಡು ಹೋದರು. ನಮ್ಮದು ತಪ್ಪಾ?

ಉತ್ತರ: ಹಿಡಿದದ್ದು ತಪ್ಪಲ್ಲ. ಇಟ್ಟುಕೊಂಡದ್ದು ತಪ್ಪು, ದುಡ್ಡು ಕೇಳಿದ್ದು ಇನ್ನೂ ತಪ್ಪು.

ಬೆಳೆ ಹಾಳು ಮಾಡುತ್ತಿರುವ ದನವನ್ನು ಜಮೀನಿನವರು ಹಿಡಿಯಬಹುದು ಅಂತ ಬ್ರಿಟಿಷರ ಕಾಲದ 1871ರ ಕಾಯ್ದೆಯೇ ಹೇಳಿದೆ. ಹಿಡಿದ 24 ಗಂಟೆಯೊಳಗೆ ದೊಡ್ಡಿಗೆ, ಅಂದರೆ ಹೀಗೆ ಹಿಡಿದ ದನವನ್ನು ಕೂಡಿಹಾಕುವ ಸಾರ್ವಜನಿಕ ಜಾಗಕ್ಕೆ, ಕಳಿಸಬೇಕು ಅಂತಲೂ ಹೇಳಿದೆ. ಕರ್ನಾಟಕಕ್ಕೆ 1966ರಲ್ಲಿ ಇದಕ್ಕೇ ಬೇರೆ ಕಾಯ್ದೆ ಬಂತು. ಅದರ ಚೌಕಟ್ಟೂ ಇದೇ: ಹಿಡಿ, ದೊಡ್ಡಿಗೆ ಹೊಡಿ. ದಂಡ ಕಟ್ಟಿಸಿಕೊಳ್ಳುವುದು ದೊಡ್ಡಿಯವರು. ಆ ದಂಡ ನಿಮ್ಮ ಜೇಬಿಗೆ ಬರುವುದಿಲ್ಲ. ನಿಮಗಾದ ನಷ್ಟದ ಲೆಕ್ಕವೇ ಬೇರೆ, ಅದಕ್ಕೆ ದಾರಿಯೂ ಬೇರೆ. ನೀವೇ ಕಟ್ಟಿಹಾಕಿ, ನೀವೇ ದರ ನಿಗದಿ ಮಾಡಿದರೆ, ಅಕ್ರಮವಾಗಿ ಹಿಡಿದಿಟ್ಟರು ಅಂತ ಅವರೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಆಗ ಬೆಳೆ ಕಳೆದುಕೊಂಡವರೂ ನೀವೇ, ಉತ್ತರ ಹೇಳಬೇಕಾದವರೂ ನೀವೇ.

ಇನ್ನೊಂದು ಕಡೆಯೂ ಇದೆ. ದೊಡ್ಡಿಗೆ ಹೊಡೆದುಕೊಂಡು ಹೋಗುವಾಗ ಯಾರಾದರೂ ಅಡ್ಡಗಟ್ಟಿ ದನ ಕಿತ್ತುಕೊಂಡರೆ, ಅದು ಅವರ ಅಪರಾಧ. ನೀವು ಸರಿಯಾದ ದಾರಿಯಲ್ಲಿ ಹೋಗಿದ್ದರೆ ಆ ಹತ್ತು ಜನ ಉತ್ತರ ಹೇಳಬೇಕಿತ್ತು.

‘ದೊಡ್ಡಿ ಎಲ್ಲಿದೆ ಸ್ವಾಮಿ?’ ಅಂತ ಕೇಳುತ್ತೀರಿ, ಗೊತ್ತು. ಎಷ್ಟೋ ಊರಲ್ಲಿ ಅದರ ಗೋಡೆ ಬಿದ್ದು ಜಾಲಿ ಬೆಳೆದಿದೆ. ಹಾಗಿದ್ದರೆ ಹಿಡಿದ ದಿನವೇ ಗ್ರಾಮ ಪಂಚಾಯಿತಿಯ ಪಿಡಿಒಗೆ ಒಂದು ಅರ್ಜಿ ಕೊಡಿ. ಎಷ್ಟು ಹೊತ್ತಿಗೆ ಹಿಡಿದಿರಿ, ಯಾವ ದನ, ಏನು ಮೇಯ್ದಿತ್ತು, ದೊಡ್ಡಿ ಇಲ್ಲದ್ದರಿಂದ ಎಲ್ಲಿಗೆ ಒಪ್ಪಿಸಬೇಕು ಅಂತ ಬರೆಯಿರಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಲ್ಲಿವರೆಗೆ ದನಕ್ಕೆ ನೀರು, ಮೇವು, ನೆರಳು ಕೊಡಬೇಕು. ಹಾಲು ಕರೆಯಬೇಡಿ. ಮಾಲೀಕರೇ ಬಂದು ಕೇಳಿದರೆ, ಇಬ್ಬರು ಸಾಕ್ಷಿಗಳ ಮುಂದೆ ಒಂದು ಚೀಟಿ ಬರೆಸಿಕೊಂಡು ಬಿಟ್ಟುಬಿಡಿ. ಆ ಚೀಟಿ ಎರಡು ಸಾವಿರಕ್ಕಿಂತ ಜಾಸ್ತಿ ಬೆಲೆಬಾಳುತ್ತದೆ.

ಯಾರ ದನ ಅಂತ ತೋರಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಕಿವಿಗೆ ಹಳದಿ ಓಲೆ ಹಾಕುತ್ತಾರಲ್ಲ, ಅದರಲ್ಲಿ 12 ಅಂಕಿ ಇರುತ್ತದೆ. ಮಾಲೀಕರ ಹೆಸರಿಗೆ ಅದು ಪಶುಪಾಲನಾ ಇಲಾಖೆಯ ದಾಖಲೆಯಲ್ಲಿದೆ. ದನ ಬೆಳೆಯೊಳಗೆ ನಿಂತಿರುವಾಗಲೇ ಓಲೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಹೊರಗೆ ಕಟ್ಟಿದ ಮೇಲೆ ತೆಗೆದರೆ ‘ನಮ್ಮ ಹಟ್ಟಿಯಿಂದಲೇ ಬಿಚ್ಚಿಕೊಂಡು ಹೋದರು’ ಅನ್ನುವ ಮಾತು ಬರುತ್ತದೆ.

ತೆಂಗಿನ ಸಸಿಗಳನ್ನು ಬಗ್ಗಿ ನೋಡಿದ್ದೀರಾ? ಹಸು ನಾಲಿಗೆ ಸುತ್ತಿ ಎಳೆಯುತ್ತದೆ. ಗರಿ ಸೀಳಿ ಜೂಲುಜೂಲಾಗಿ ನೇತಾಡುತ್ತದೆ, ಕೆಲವೊಮ್ಮೆ ಸಸಿಯೇ ಸಡಿಲವಾಗುತ್ತದೆ. ಮೇಕೆ ಹಾಗಲ್ಲ. ತುಟಿಯಲ್ಲೇ ಆರಿಸಿ ಎಳೆಯದನ್ನೇ ಕಡಿಯುತ್ತದೆ. ಗರಿ ಹೋದರೆ ಸಸಿ ಚೇತರಿಸಿಕೊಳ್ಳುತ್ತದೆ. ಸುಳಿಯ ಬುಡವೇ ಹೋದರೆ ಆ ಸಸಿಯ ಕಥೆ ಮುಗಿದಂತೆ. ನಷ್ಟ ಬರೆಸುವಾಗ ಎಷ್ಟು ಗರಿ, ಎಷ್ಟು ಸುಳಿ ಅಂತ ಬೇರೆಬೇರೆಯಾಗಿ ಬರೆಸಿ. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಿ ಮಹಜರು ಮಾಡಿದರೆ ಗಟ್ಟಿ.

ಇಷ್ಟು ಕಾನೂನಿನ ಮಾತು. ಆದರೆ ನನ್ನನ್ನು ಕೇಳಿದರೆ, ದನ ಯಾಕೆ ಬರುತ್ತಿದೆ ಅಂತ ಮೊದಲು ನೋಡಬೇಕು.

ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದರೆ ಗದ್ದೆ ಎಲ್ಲರದೂ ಒಂದೇ. ಯಾರ ಗದ್ದೆಯ ಕೂಳೆಯನ್ನು ಯಾರ ದನ ಬೇಕಾದರೂ ಮೇಯುತ್ತದೆ. ಇದು ಬರೆದಿಟ್ಟ ಹಕ್ಕಲ್ಲ, ನಡೆದುಬಂದ ರೂಢಿ. ಕುರಿಯವರು ಬಂದರೆ ಕರೆದು, ಗೊಬ್ಬರಕ್ಕೆ ಅಂತ ರಾತ್ರಿ ಮಂದೆ ಹಾಕಿಸಿಕೊಳ್ಳುವವರೂ ಇದ್ದಾರೆ. ಕೆಆರ್‌ಎಸ್ ನೀರು ನಿಂತು, ಸುತ್ತ ಎಲ್ಲ ಒಣಗಿ ಬಿಳಿಚಿದಾಗ, ನಿಮ್ಮ ಬೋರ್‌ವೆಲ್‌ನ ಬೀನ್ಸ್ ಒಂದೇ ಹಸಿರಾಗಿ ನಿಂತಿರುತ್ತದೆ. ದನಕ್ಕೆ ಅಷ್ಟು ಸಾಕು. ಅವರು ಬೇಕಂತಲೇ ಬಿಟ್ಟರು ಅಂತ ನಿಮಗನ್ನಿಸುತ್ತದೆ. ಹಿಂದಿನ ಮಾಲೀಕರು ಇದ್ದಾಗ ಯಾರೂ ಏನೂ ಅನ್ನುತ್ತಿರಲಿಲ್ಲ ಅಂತ ಅವರಿಗನ್ನಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಗೋಮಾಳದ ವಿಷಯವೂ ಇದರಲ್ಲಿದೆ. ಊರಿನ 100 ಜಾನುವಾರಿಗೆ ಸುಮಾರು 30 ಎಕರೆ ಗೋಮಾಳ ಬಿಡಬೇಕು ಅಂತ 1966ರ ಭೂಕಂದಾಯ ನಿಯಮವೇ ಇದೆ. ನಿಮ್ಮೂರಿನ ಗೋಮಾಳ ಪಹಣಿಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ ಅಂತ ಒಮ್ಮೆ ವಿಚಾರಿಸಿ. ಡೇರಿಗೆ ಹಾಲು ಹಾಕುವವರು ಕರೆಯುವ ಹಸುವನ್ನು ಜೋಪಾನವಾಗಿ ಕಟ್ಟಿ ಮೇಯಿಸುತ್ತಾರೆ. ಬೀದಿ ಪಾಲಾಗುವುದು ಹೆಚ್ಚಾಗಿ ಬತ್ತಿದ ಹಸು ಮತ್ತು ಹೋರಿಗರು. ಕರೆಯುವ ಹೊತ್ತಿಗೆ ಹಸು ಹಟ್ಟಿಗೆ ಹೋಗುತ್ತದಾ, ಇಲ್ಲವಾ ನೋಡಿ. ಅದರಿಂದ ಅರ್ಧ ಉತ್ತರ ಸಿಗುತ್ತದೆ.

ಗುಡಿಗೆ ಬಿಟ್ಟ ಬಸವನ ಮೇಲೆ ಮಾತ್ರ ಯಾವ ಅರ್ಜಿಯೂ ನಡೆಯುವುದಿಲ್ಲ. ಚಿಕ್ಕಅರಸಿನಕೆರೆ ಬಸಪ್ಪನ ಹೆಸರು ಕೇಳದವರು ಮಂಡ್ಯದ ಕಡೆ ಕಡಿಮೆ. ನಿಮ್ಮೂರಲ್ಲೂ ಅಂಥದ್ದೊಂದು ಇದ್ದರೆ ಬಾಳೆಹಣ್ಣು ತೋರಿಸಿ ಮೆಲ್ಲಗೆ ಆಚೆ ದಾಟಿಸಿ.

ಇನ್ನೊಂದು ಪ್ರಶ್ನೆ. ನೀವು ಬಂದ ಮೇಲೆ ಏನಾದರೂ ಮುಚ್ಚಿದ್ದೀರಾ? ಹೊಸದಾಗಿ ಕೊಂಡವರು ಮೊದಲು ಮಾಡುವ ಕೆಲಸ ಕಲ್ಲುಕಂಬ ನೆಟ್ಟು ತಂತಿ ಎಳೆಯುವುದು. ಆ ತಂತಿ ನಾಲೆಗೆ ನೀರು ಕುಡಿಯಲು ದನ ಹೋಗುತ್ತಿದ್ದ ದಾರಿಗೆ ಅಡ್ಡ ಬಿದ್ದಿರಬಹುದು. ಗ್ರಾಮ ನಕಾಶೆ ತೆಗೆಸಿ ನೋಡಿ. ನಕಾಶೆ ಕಂಡ ದಾರಿಯಾದರೆ ಮುಚ್ಚುವ ಹಾಗಿಲ್ಲ. ನಕಾಶೆಯಲ್ಲಿ ಇಲ್ಲದಿದ್ದರೂ, 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ್ದರೆ 1882ರ ಕಾಯ್ದೆ ಪ್ರಕಾರ ಅವರು ದಾರಿಯ ಹಕ್ಕು ಕೇಳಬಹುದು. ಬದು ಯಾರದು ಅನ್ನುವ ತಕರಾರಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅಳೆದು ಗಡಿ ತೋರಿಸುತ್ತಾರೆ. ಅಳತೆ ಆಗುವ ಮೊದಲು ಬೇಲಿಗೆ ದುಡ್ಡು ಸುರಿಯಬೇಡಿ.

ಮಾತಾಡಲು ಹೋಗುವುದಾದರೆ ಟೀ ಅಂಗಡಿ ಮುಂದೆ ಬೇಡ, ಅರಳಿಕಟ್ಟೆ ಮುಂದೆಯೂ ಬೇಡ. ನಾಲ್ಕು ಜನರ ಎದುರು ಯಾರೂ ಸೋಲುವುದಿಲ್ಲ. ಅವರ ಮನೆಗೇ ಹೋಗಿ, ದನ ನೋಡಿಕೊಳ್ಳುವವರು ಇರುವ ಹೊತ್ತಿಗೆ. ಎಷ್ಟೋ ಮನೆಗಳಲ್ಲಿ ಅದು ಹೆಂಗಸರ ಕೆಲಸ. ಹಗ್ಗ ಎಷ್ಟುದ್ದ ಬಿಡಬೇಕು, ಮೇಕೆಯನ್ನು ಎಷ್ಟು ಹೊತ್ತಿಗೆ ಹೊರಡಿಸಬೇಕು ಅನ್ನುವುದು ಅವರಿಗೇ ಗೊತ್ತು. ‘ಬೀನ್ಸ್ ಕಿತ್ತ ಮೇಲೆ ಬಳ್ಳಿ ನಿಮಗೇ, ಬದುವಿನ ಹುಲ್ಲು ಕೊಯ್ದುಕೊಳ್ಳಿ, ಅಲ್ಲಿವರೆಗೆ ಕಟ್ಟಿ ಮೇಯಿಸಿ’ ಅನ್ನಿ. ಮೇವಿಗೆ ಪರದಾಡುವವರಿಗೆ ಇದು ಸಣ್ಣ ಮಾತಲ್ಲ. ಒಂದು ಎಚ್ಚರ: ಜಗಳ ಎಷ್ಟೇ ಬಿಸಿಯಾದರೂ ಮಾತು ಜಾತಿಗೆ ಹೋಗಕೂಡದು. ಹೋದರೆ ಅದು ದನದ ಜಗಳವಾಗಿ ಉಳಿಯುವುದಿಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸಾಗಬಹುದು.

ಮಾತಿಗೆ ಬಗ್ಗದಿದ್ದರೆ ಪಂಚಾಯಿತಿಗೆ ಅರ್ಜಿ, ಆಮೇಲೆ ಠಾಣೆ. ಕೇಸು ಮಾಡದಿದ್ದರೂ ದೂರಿಗೆ ಹಿಂಬರಹ (ಪೊಲೀಸರ ಲಿಖಿತ ಉತ್ತರ) ಕೇಳಿ ಪಡೆಯಿರಿ. ಎಷ್ಟೋ ಸಲ ಠಾಣೆಯಲ್ಲಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡರೆ ಒಂದು ಹಂಗಾಮು ತಣ್ಣಗಿರುತ್ತದೆ. ನಷ್ಟಕ್ಕೆ ಪರಿಹಾರ ಬೇಕಿದ್ದರೆ ಸಿವಿಲ್ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ. ಆದರೆ ಬೀನ್ಸಿಗಾಗಿ ದಾವೆ ಹೂಡುವುದು ನನಗಂತೂ ಲಾಭದ ಕೆಲಸ ಅನ್ನಿಸುವುದಿಲ್ಲ. ಅದಕ್ಕಿಂತ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೋರ್ಟಿಗೆ ಹೋಗುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ.

ಸಿಟ್ಟಿನಲ್ಲಿ ಕೆಲವರು ವಿಷ ಇಡುತ್ತಾರೆ, ಕತ್ತಿ ಬೀಸುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ನೀವು ಅಂಥವರಲ್ಲ ಅಂದುಕೊಳ್ಳೋಣ. ಆದರೂ ಅನುಮಾನ ನಿಮ್ಮ ಮೇಲೆ ಬರಬಹುದು. ಬೆಳೆಗೆ ಔಷಧಿ ಹೊಡೆದ ದಿನ ಪಕ್ಕದವರಿಗೆ ತಪ್ಪದೆ ಹೇಳಿ. ಯೂರಿಯಾ ಮೂಟೆ ಬಾಯಿ ಬಿಚ್ಚಿ ಶೆಡ್ಡಿನ ಹೊರಗೆ ಇಡಬೇಡಿ, ಗೊಬ್ಬರ ಕದಡಿದ ನೀರನ್ನೂ ಬಕೆಟ್‌ನಲ್ಲಿ ಬಿಡಬೇಡಿ. ಎಳೆ ಜೋಳ, ಅದರಲ್ಲೂ ನೀರಿಲ್ಲದೆ ಬಾಡಿದ್ದು, ಹಸುವಿಗೆ ಸಯನೈಡ್ ವಿಷವಾಗುತ್ತದೆ. ಮೇಯ್ದ ಸ್ವಲ್ಪ ಹೊತ್ತಿಗೇ ಬೀಳಬಹುದು. ನಿಮ್ಮ ಬದುವಿನ ಹತ್ತಿರ ದನ ಒದ್ದಾಡುತ್ತಿದ್ದರೆ ಯಾರದು ಅಂತ ನೋಡದೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ. ಸತ್ತರೆ ಸರ್ಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಲಿ ಅಂತ ನೀವೇ ಒತ್ತಾಯಿಸಿ.

ಬೇಲಿಗೆ ನೇರ ಕರೆಂಟ್ ಕೊಡುವ ಯೋಚನೆ ಬಂದಿದ್ದರೆ ಈಗಲೇ ಬಿಡಿ. ದನಕ್ಕಿಂತ ಮೊದಲು ಮನುಷ್ಯರೇ ಸಿಕ್ಕಿಕೊಳ್ಳಬಹುದು, ಸತ್ತರೆ ನರಹತ್ಯೆಯ ಕೇಸು. ವಿದ್ಯುತ್ ಕಂಪನಿ ಸೆಸ್ಕ್‌ನವರು ಹಾಕುವ ಕರೆಂಟ್ ಕಳವಿನ ಕೇಸು ಬೇರೆ. ಸೋಲಾರ್ ಬೇಲಿಯದು ಬೇರೆ ಲೆಕ್ಕ. 12 ವೋಲ್ಟ್ ಬ್ಯಾಟರಿಯಿಂದ ಅದರ ಯಂತ್ರ ಸೆಕೆಂಡಿಗೊಂದರಂತೆ ಚುರುಕು ಏಟು ಬಿಡುತ್ತದೆ, ಕರೆಂಟ್ ಹಿಡಿದುಕೊಳ್ಳುವುದಿಲ್ಲ. ದನ ಬೆಚ್ಚಿ ಹಿಂದೆ ಸರಿಯುತ್ತದೆ. ಐಎಸ್‌ಐ ಗುರುತಿನ ಯಂತ್ರವನ್ನೇ ಕೊಳ್ಳಿ, ಕನ್ನಡದಲ್ಲಿ ಎಚ್ಚರಿಕೆ ಫಲಕ ಹಾಕಿ, ತಂತಿಗೆ ಹುಲ್ಲು ತಾಗದಂತೆ ಕೊಯ್ಯುತ್ತಿರಿ. ಮೇಕೆಗೆ ಕೆಳಗಿನ ಎಳೆ ನೆಲದಿಂದ ಒಂದಡಿ ಒಳಗೇ ಇರಬೇಕು, ಇಲ್ಲದಿದ್ದರೆ ನುಸುಳುತ್ತದೆ. ಅಷ್ಟು ಖರ್ಚು ಬೇಡ ಅಂದರೆ ಈ ಹಂಗಾಮಿಗೆ ಜಾಲಿ ಮುಳ್ಳು ಕಡಿದು ಸಂದಿ ಮುಚ್ಚಿ. ಮಳೆಗಾಲ ಬಂದಾಗ ಬದುವಿಗೆ ಒತ್ತಾಗಿ ಗ್ಲಿರಿಸೀಡಿಯಾ ಕಡ್ಡಿ, ಅದರ ಹೊರಗೆ ಕತ್ತಾಳೆ ನೆಡಿ. ಕತ್ತಾಳೆ ಬಲಿಯಲು ಕೆಲವು ವರ್ಷ ಬೇಕು, ಅಲ್ಲಿವರೆಗೆ ಮುಳ್ಳನ್ನು ವರ್ಷ ವರ್ಷ ಹೊಸದಾಗಿ ಹಾಕಬೇಕಾಗುತ್ತದೆ.