ಹಾಟ್‌ಸ್ಪಾಟ್ ಸುಮ್ಮನಾದರೆ ಯಾವ ಅರ್ಧದಲ್ಲಿ ಹುಡುಕಬೇಕು? ಡಿಎಂಆರ್ ಕಲಿಯುವವರಿಗೊಂದು ಟಿಪ್ಪಣಿ

ಚಿಕ್ಕಬಳ್ಳಾಪುರದಲ್ಲಿ ಹ್ಯಾಂಡಿ (ವಾಕಿಟಾಕಿಯಂಥ ಕೈ ರೇಡಿಯೊ) ಹಿಡಿದು ತಾರಸಿ ಮೇಲೆ ನಿಂತವರಿಗೆ ಬೆಟ್ಟಗಳ ಮೇಲೆ ಸಿಟ್ಟು ಬರದೆ ಇರಲ್ಲ. ಈ ಕಡೆ ನಂದಿ, ಆ ಕಡೆ ಸ್ಕಂದಗಿರಿ. ಹ್ಯಾಂಡಿ ಬಳಸುವ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುವಂಥವು, ಬೆಟ್ಟ ಬಳಸಿ ಹೋಗುವುದು ಅವಕ್ಕೆ ಕಷ್ಟ. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಹೋದರೆ ಅದೇ ಹ್ಯಾಂಡಿಗೆ ಬೆಂಗಳೂರು ಸಿಗುತ್ತದೆ. ಆದರೆ ಮಾತಾಡಬೇಕು ಅನ್ನಿಸಿದಾಗಲೆಲ್ಲ ಬೆಟ್ಟ ಹತ್ತೋಕಾಗುತ್ತಾ? ಅದಕ್ಕೇ ಮನೆಯಲ್ಲಿ ಒಂದು ಡಿಎಂಆರ್ ಹಾಟ್‌ಸ್ಪಾಟ್ ಇಟ್ಟೆ. ಡಿಎಂಆರ್ ಅಂದರೆ ಮಾತನ್ನು ಡಿಜಿಟಲ್ ಆಗಿ ಕಳಿಸುವ ರೇಡಿಯೊ ಪದ್ಧತಿ, ಹಾಟ್‌ಸ್ಪಾಟ್ ಅಂದರೆ ಹ್ಯಾಂಡಿಯನ್ನು ಇಂಟರ್ನೆಟ್‌ಗೆ ಜೋಡಿಸುವ ಪುಟ್ಟ ಡಬ್ಬಿ.

ಮೊದಲೇ ಹೇಳಿಬಿಡುತ್ತೇನೆ, ಇದು ಲೈಸೆನ್ಸ್ ಇದ್ದವರ ಕೆಲಸ. ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗ ಕೊಡುವ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್, ಕಾಲ್‌ಸೈನ್ (ರೇಡಿಯೊದಲ್ಲಿ ನಿಮ್ಮ ಗುರುತಿನ ಹೆಸರು) ಕೈಗೆ ಬಂದ ಮೇಲೇ ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತಬೇಕು. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಪರೀಕ್ಷೆ ಇಲ್ಲ, ಹೆದರಬೇಡಿ. ಇಂಟರ್ನೆಟ್‌ಗೆ ಜೋಡಿಸುವ ಮುಂಚೆ ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಒಂದು ಸಲ ಕೂತು ಓದಿ.

ಬೇಕಾಗುವ ಸಾಮಾನು ಕಮ್ಮಿ. ಒಂದು ರಾಸ್‌ಬೆರಿ ಪೈ ಝೀರೋ ಡಬ್ಲ್ಯು ಅನ್ನುವ ಪುಟ್ಟ ಕಂಪ್ಯೂಟರ್, ಅದರ ತಲೆ ಮೇಲೆ ಕೂರುವ ಎಂಎಂಡಿವಿಎಂ ಅನ್ನುವ ರೇಡಿಯೊ ಬೋರ್ಡ್, ಮೆಮೊರಿ ಕಾರ್ಡ್, 5 ವೋಲ್ಟ್ ಚಾರ್ಜರ್, ಒಂದು ಡಿಎಂಆರ್ ಹ್ಯಾಂಡಿ. ಕಾರ್ಡಿಗೆ ಪೈ-ಸ್ಟಾರ್ ತಂತ್ರಾಂಶ ಬರೆದುಕೊಂಡರೆ ಡಬ್ಬಿ ಸಿದ್ಧ.

ಈಗ ಮುಖ್ಯ ವಿಷಯ. ನಾನು ಇದನ್ನು ದೂರ ಮಾತಾಡುವ ರೇಡಿಯೊ ಅಂತಲೇ ಅಂದುಕೊಂಡಿದ್ದೆ. ಅಲ್ಲ. ಆ ಬೋರ್ಡ್ ಕೊಡುವುದು ಸುಮಾರು 10 ಮಿಲಿವ್ಯಾಟ್. ಅದರ ಅಲೆ ಮನೆ ಗೇಟು ದಾಟಿದರೆ ಹೆಚ್ಚು. ಅಲ್ಲಿಂದ ಮುಂದೆ ನಿಮ್ಮ ಮಾತು ಹೋಗುವುದು ಇಂಟರ್ನೆಟ್‌ನಲ್ಲಿ, ಬ್ರ್ಯಾಂಡ್‌ಮೈಸ್ಟರ್‌ನಂಥ ಜಾಲದ ಸರ್ವರ್‌ಗೆ. ಅಂದರೆ ಇದರಲ್ಲಿ ಎರಡು ಅರ್ಧ: ಹ್ಯಾಂಡಿಯಿಂದ ಡಬ್ಬಿಯವರೆಗೆ ರೇಡಿಯೊ, ಡಬ್ಬಿಯಿಂದಾಚೆ ನೆಟ್. ಏನೂ ಕೇಳಿಸದಿದ್ದರೆ ಮೊದಲು ಯಾವ ಅರ್ಧ ಕೆಟ್ಟಿದೆ ಅಂತ ನೋಡಬೇಕು. ನಾನು ಅದನ್ನು ನೋಡದೆ ಮೂರು ರಾತ್ರಿ ಕಳೆದೆ.

ನೋಡುವುದು ಸುಲಭ. ಬ್ರೌಸರ್‌ನಲ್ಲಿ ಪೈ-ಸ್ಟಾರ್ ಡ್ಯಾಶ್‌ಬೋರ್ಡ್ ತೆರೆದಿಟ್ಟು ಪಿಟಿಟಿ ಒತ್ತಿ. ಕೆಳಗಿನ 'ಲೋಕಲ್ ಆರ್‌ಎಫ್' ಪಟ್ಟಿಯಲ್ಲಿ ನಿಮ್ಮ ಕಾಲ್‌ಸೈನ್ ಬಂತಾ? ಬಂದರೆ ರೇಡಿಯೊ ಅರ್ಧ ಸರಿಯಿದೆ. ಬರಲಿಲ್ಲವಾ? ರೂಟರ್ ಮುಟ್ಟಲೇಬೇಡಿ, ತಪ್ಪು ಹ್ಯಾಂಡಿ ಕಡೆ ಇದೆ.

ಹ್ಯಾಂಡಿ ಕಡೆ ನೋಡಬೇಕಾದ್ದು ಇಷ್ಟು. ಎರಡರಲ್ಲೂ ಒಂದೇ ಫ್ರೀಕ್ವೆನ್ಸಿ ಇರಬೇಕು. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದು 434ರಿಂದ 438 ಮೆಗಾಹರ್ಟ್ಸ್. ಅದರಲ್ಲಿ 435ರಿಂದ ಮೇಲೆ ಉಪಗ್ರಹಗಳ ಜಾಗ, ಅಲ್ಲಿ ಕೂತು ಗಲಾಟೆ ಮಾಡಬೇಡಿ. ಕಲರ್ ಕೋಡ್ ಎರಡೂ ಕಡೆ 1 ಇಟ್ಟರೆ ಸಾಕು. ಹೆಸರಿಗೆ ಬಣ್ಣ, ನಿಜಕ್ಕೆ ಬರೀ ಒಂದು ನಂಬರು. ಅದು ಹೊಂದದಿದ್ದರೆ ಡಬ್ಬಿ ನಿಮ್ಮನ್ನು ಕ್ಯಾರೇ ಅನ್ನಲ್ಲ. ಡಿಎಂಆರ್ ಐಡಿ (ನಿಮ್ಮ ಗುರುತಿನ ನಂಬರು) 7 ಅಂಕಿಯದು, ನಮ್ಮವು 404ರಿಂದ ಶುರುವಾಗುತ್ತವೆ. ಡಬ್ಬಿಯನ್ನು ಪ್ರೈವೇಟ್ ನೋಡ್, ಅಂದರೆ ನಿಮಗೆ ಮಾತ್ರ ಅಂತ ಇಟ್ಟಿದ್ದರೆ, ಹ್ಯಾಂಡಿಯಲ್ಲಿ ಒಂದು ಅಂಕಿ ತಪ್ಪಿದರೂ ಅದು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಹ್ಯಾಂಡಿಯ ಸೆಟ್ಟಿಂಗ್‌ನಲ್ಲಿ ಕಾಣುವ ಸ್ಲಾಟ್ ಅಂದರೇನು ಅಂತ ತುಂಬಾ ಜನ ಕೇಳುತ್ತಾರೆ. ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು ಇಬ್ಬರು ಹಂಚಿಕೊಳ್ಳುತ್ತಾರೆ. 30 ಮಿಲಿಸೆಕೆಂಡ್ ಒಬ್ಬರಿಗೆ, ಮುಂದಿನ 30 ಇನ್ನೊಬ್ಬರಿಗೆ. ಒಂದೇ ನಲ್ಲಿಯಲ್ಲಿ ಎರಡು ಮನೆಯವರು ಸರದಿ ಮೇಲೆ ಬಿಂದಿಗೆ ಇಟ್ಟ ಹಾಗೆ, ಆದರೆ ಸರದಿ ಎಷ್ಟು ಬೇಗ ಬದಲಾಗುತ್ತದೆ ಅಂದರೆ ಇಬ್ಬರಿಗೂ ಮಾತು ತುಂಡಾಗಿದ್ದು ಗೊತ್ತಾಗಲ್ಲ. ಒಂದೇ ಆಂಟೆನಾದ ಸಿಂಪ್ಲೆಕ್ಸ್ ಹಾಟ್‌ಸ್ಪಾಟ್‌ಗೆ ಸ್ಲಾಟ್ 2 ಹಾಕಿ ಮರೆತುಬಿಡಿ.

ಎಲ್ಲ ಸರಿಯಿದ್ದೂ ಪಟ್ಟಿಯಲ್ಲಿ ಹೆಸರು ಬಂದು ಹೋಗಿ ಮಾಡುತ್ತಿದ್ದರೆ ಪಕ್ಕದ ಬಿಇಆರ್ ಅಂಕಿ ನೋಡಿ. ಬಂದ ಬಿಟ್‌ಗಳಲ್ಲಿ ಶೇಕಡಾ ಎಷ್ಟು ತಪ್ಪು ಅನ್ನುವ ಲೆಕ್ಕ ಅದು. ಶೇ 1ಕ್ಕಿಂತ ಕಮ್ಮಿ ಇದ್ದರೆ ಚೆನ್ನ. ನನ್ನದು ಶೇ 6 ತೋರಿಸುತ್ತಿತ್ತು. ಯಾಕೆ ಅಂತ ಲೆಕ್ಕ ಹಾಕಿದಾಗಲೇ ನನಗೆ ಅರ್ಥವಾಗಿದ್ದು. ಡಿಎಂಆರ್ ಬಿಟ್‌ಗಳನ್ನು ಕಳಿಸುವುದು ಫ್ರೀಕ್ವೆನ್ಸಿಯನ್ನು ನಾಲ್ಕು ಮೆಟ್ಟಿಲಲ್ಲಿ ಆಚೀಚೆ ಸರಿಸಿ: ಮೇಲೆ 648 ಮತ್ತು 1,944 ಹರ್ಟ್ಸ್, ಕೆಳಗೂ ಅಷ್ಟೇ. ಮೆಟ್ಟಿಲಿಗೂ ಮೆಟ್ಟಿಲಿಗೂ 1,296 ಹರ್ಟ್ಸ್ ಅಂತರ. ಬೋರ್ಡಿನ ಫ್ರೀಕ್ವೆನ್ಸಿಯನ್ನು ಹಿಡಿದಿಡುವ ಸ್ಫಟಿಕ (ಕ್ರಿಸ್ಟಲ್) ಹತ್ತು ಲಕ್ಷಕ್ಕೆ ಒಂದು ಪಾಲು ಜಾರಿದರೂ 434 ಮೆಗಾಹರ್ಟ್ಸ್‌ನಲ್ಲಿ ಅದು 434 ಹರ್ಟ್ಸ್ ಆಗುತ್ತದೆ. ಮೆಟ್ಟಿಲ ಮೂರನೇ ಒಂದು ಪಾಲು ಹೋಯಿತಲ್ಲ! ಇದನ್ನು ಸರಿಮಾಡಲೆಂದೇ ಪೈ-ಸ್ಟಾರ್‌ನಲ್ಲಿ ಆರ್‌ಎಕ್ಸ್ ಆಫ್‌ಸೆಟ್, ಅಂದರೆ ಡಬ್ಬಿ ಕೇಳುವ ಫ್ರೀಕ್ವೆನ್ಸಿಯನ್ನು ತುಸು ಸರಿಸುವ ಸೆಟ್ಟಿಂಗ್, ಇದೆ. 50 ಹರ್ಟ್ಸ್ ಬದಲಿಸಿ, ಹತ್ತು ಸೆಕೆಂಡ್ ಮಾತಾಡಿ, ಬಿಇಆರ್ ಬರೆದಿಟ್ಟುಕೊಳ್ಳಿ. ಕಮ್ಮಿಯಾಗುವ ದಿಕ್ಕಿಗೆ ಹೋಗುತ್ತಿರಿ. ಡಬ್ಬಿ ಕಳಿಸುವ ಕಡೆಯ ಟಿಎಕ್ಸ್ ಆಫ್‌ಸೆಟ್ಟನ್ನೂ ಅಷ್ಟೇ ಇಡಿ. ಹಾಂ, ಹ್ಯಾಂಡಿ ಲೋ ಪವರ್‌ನಲ್ಲಿರಲಿ, ಡಬ್ಬಿಯಿಂದ ಎರಡು ಮೂರು ಮೀಟರ್ ದೂರ ನಿಂತು ಮಾತಾಡಿ. ಕಿವಿ ಹತ್ತಿರ ಕಿರುಚಿದರೆ ಯಾರಿಗೂ ಮಾತು ಅರ್ಥವಾಗಲ್ಲ.

ಇನ್ನು ನೆಟ್ ಅರ್ಧ. ಪೈ ಝೀರೋ ಡಬ್ಲ್ಯುಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಮ್ಮ ರೂಟರ್‌ನಲ್ಲಿ ಆನ್ ಆಗಿದ್ದದ್ದು 5 ಮಾತ್ರ. ಮೂರು ರಾತ್ರಿಯಲ್ಲಿ ಒಂದು ಅದಕ್ಕೇ ಹೋಗಿದ್ದು. ಪೋರ್ಟ್ ಫಾರ್ವರ್ಡ್ (ಹೊರಗಿಂದ ಬರುವ ಸಂಪರ್ಕಕ್ಕೆ ರೂಟರ್‌ನಲ್ಲಿ ದಾರಿ ಬಿಡುವುದು) ಮಾಡಬೇಕಾ ಅಂತ ಕೇಳುವವರಿಗೆ: ಬೇಡ. ಡಬ್ಬಿಯೇ ಸರ್ವರ್‌ನ 62031ನೇ ಪೋರ್ಟ್‌ಗೆ ಕರೆ ಹಚ್ಚುತ್ತದೆ, ಹಾಗಾಗಿ ಮೊಬೈಲ್ ಡೇಟಾದಲ್ಲೂ ನಡೆಯುತ್ತದೆ. ಬ್ರ್ಯಾಂಡ್‌ಮೈಸ್ಟರ್ ಖಾತೆಯಲ್ಲಿ ಇಟ್ಟ ಹಾಟ್‌ಸ್ಪಾಟ್ ಪಾಸ್‌ವರ್ಡ್, ಪೈ-ಸ್ಟಾರ್‌ನಲ್ಲಿ ಹಾಕಿದ್ದು ಒಂದೇ ಇರಲಿ.

ಎರಡೂ ಅರ್ಧವನ್ನು ಒಟ್ಟಿಗೆ ನೋಡಲು 9990ಕ್ಕೆ ಪ್ರೈವೇಟ್ ಕಾಲ್ ಹಾಕಿ. ಅದು ಗಿಳಿ. ನೀವು ಹೇಳಿದ್ದನ್ನೇ ವಾಪಸ್ ಹೇಳುತ್ತದೆ. ಗಿಳಿ ಮಾತಾಡಿತು, ಆದರೆ ಭಾರತದ 404 ಟಾಕ್‌ಗ್ರೂಪ್‌ನಲ್ಲಿ (ಎಲ್ಲರೂ ಸೇರಿ ಮಾತಾಡುವ ಗುಂಪು) ಯಾರೋ ಮಾತಾಡುತ್ತಿರುವುದು ಡ್ಯಾಶ್‌ಬೋರ್ಡಲ್ಲಿ ಕಂಡರೂ ಹ್ಯಾಂಡಿ ಸುಮ್ಮನಿದೆಯಾ? ಆ ಗ್ರೂಪ್ ನಿಮ್ಮ ಹ್ಯಾಂಡಿಯ ಆರ್‌ಎಕ್ಸ್ ಗ್ರೂಪ್ ಲಿಸ್ಟ್‌ನಲ್ಲಿ (ಅದು ಕೇಳಿಸಬೇಕಾದ ಗುಂಪುಗಳ ಪಟ್ಟಿ) ಇಲ್ಲ, ಸೇರಿಸಿ.

ಒಂದು ಸಂಜೆ ಎಲ್ಲ ಸರಿಯಿದ್ದೂ ಗಿಳಿ ಸುಮ್ಮನಾಯಿತು. ಮತ್ತೆ ಆಫ್‌ಸೆಟ್ ತಿರುಗಿಸಲು ಕೂತೆ. ಕರೆಂಟ್ ಹೋಗಿತ್ತು ಅಷ್ಟೇ: ಡಬ್ಬಿ ಪವರ್‌ಬ್ಯಾಂಕ್ ಮೇಲೆ ಬದುಕಿತ್ತು, ರೂಟರ್ ಮಲಗಿತ್ತು. ಈಗ ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ತಂದಿದ್ದೇನೆ.