ವಾಸ್ಕೋದ ಕನ್ನಡಿಗರ ಮನೆ: ಮೀಟರ್ ಇದೆ, ಪತ್ರ ಇಲ್ಲ

ಗೋವಾದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈಗ ಹಳೆಯ ಅಕ್ರಮ ಮನೆಗಳನ್ನು ಸಕ್ರಮ ಮಾಡುವ ಗೋವಾ ಸರ್ಕಾರದ 'ಮ್ಹಜೆ ಘರ್' (ನನ್ನ ಮನೆ) ಯೋಜನೆಯ ಮಾತು ಬಂದೇ ಬರುತ್ತದೆ. ನಮ್ಮ ಮನೆ ಸಕ್ರಮ ಆಗುತ್ತಾ, ಇಲ್ವಾ? ಹೌದು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಗಂಟು ಹಳೆಯದು.

1961ರಲ್ಲಿ ಗೋವಾದ ಜನಸಂಖ್ಯೆ 6 ಲಕ್ಷಕ್ಕಿಂತ ಕಡಿಮೆ ಇತ್ತು. 2011ಕ್ಕೆ 14.5 ಲಕ್ಷ ದಾಟಿತು. ಪೋರ್ಚುಗೀಸರು ಹೋದ ಮೇಲೆ ಮುರ್ಮಗೋವಾ ಬಂದರಿಗೆ, ಅದಿರು ಸಾಗಿಸೋಕೆ, ರಸ್ತೆ ಹಾಕೋಕೆ ಕೈಗಳು ಬೇಕಾದವು. 1970ರ ದಶಕದಲ್ಲಿ ಜುವಾರಿಯ ರಸಗೊಬ್ಬರ ಕಾರ್ಖಾನೆ ಬಂತು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯವರು ಹುಬ್ಬಳ್ಳಿಯಿಂದ ಲೋಂಡಾ ಮೇಲೆ ಹಾಯ್ದು ಬರುವ ರೈಲು ಹತ್ತಿ ವಾಸ್ಕೋದಲ್ಲಿ ಇಳಿದರು. ಕೆಲಸ ಆ ದಿನವೇ ಸಿಗುತ್ತಿತ್ತು. ಮಲಗೋಕೆ ಜಾಗ ಎಲ್ಲಿ ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ.

ವಾಸ್ಕೋದ ಬೈನಾದಲ್ಲಿ ಕಡಲ ದಂಡೆ ಖಾಲಿ ಇತ್ತು. ಬಿರ್ಲಾ ಅಂತ ಎಲ್ಲರೂ ಕರೆಯುವ ಜುವಾರಿನಗರದ ಗುಡ್ಡವೂ ಖಾಲಿ ಇತ್ತು. ಮೊದಲು ತಾಡಪತ್ರಿ ಏರಿತು. ಮಳೆಗಾಲ ಕಳೆದ ಮೇಲೆ ತಗಡು. ಮಗಳ ಮದುವೆ ಹತ್ತಿರ ಬಂದಾಗ ಕೆಂಪುಕಲ್ಲಿನ ಗೋಡೆ. ಆಮೇಲೆ ಮೇಲೊಂದು ಖೋಲಿ, ಅದಕ್ಕೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಈ ನಡುವೆ ರೇಷನ್ ಕಾರ್ಡ್ ಬಂತು, ವೋಟರ್ ಕಾರ್ಡ್ ಬಂತು, ಕರೆಂಟ್ ಮೀಟರ್ ಬಂತು. ಘರಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟಿದ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟವರು ಬಹಳ ಜನ. ಆದರೆ ಘರಪಟ್ಟಿ ಕಟ್ಟಿದ ಮಾತ್ರಕ್ಕೆ ಜಾಗ ನಮ್ಮದಾಗಲ್ಲ. ಜಾಗ ಸರ್ಕಾರದ್ದು, ಇಲ್ಲವೇ ಕೊಮುನಿದಾದಿನದು, ಅಂದರೆ ಊರಿನ ಮೂಲ ಗಾಂವಕಾರರ ಸಾಮೂಹಿಕ ಭೂಮಿ. ಅವರಿಗೂ ನ್ಯಾಯವಾದ ಸಿಟ್ಟಿದೆ. ತಲೆತಲಾಂತರದಿಂದ ಬಂದ ಜಾಗ ತಮ್ಮನ್ನು ಕೇಳದೆಯೇ ಕೈತಪ್ಪಿದರೆ ಯಾರು ಸುಮ್ನಿರುತ್ತಾರೆ?

1975ರ ಮುಂಡಕಾರ ಕಾಯ್ದೆ ಭಾಟಕಾರರ, ಅಂದರೆ ಜಮೀನ್ದಾರರ, ಜಮೀನಿನಲ್ಲಿ ಅವರ ಒಪ್ಪಿಗೆಯಿಂದ ಮನೆ ಮಾಡಿಕೊಂಡವರನ್ನು ಕಾಪಾಡಿತು. ಬಂದರಿನ ಕೂಲಿಗಳಿಗೆ ಅದರಲ್ಲಿ ಏನೂ ಇರಲಿಲ್ಲ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು, ದಂಡೆಯ ಮನೆಗಳಿಗೆ ಇನ್ನೊಂದು ಕುಣಿಕೆ ಬಿತ್ತು. 2004ರಲ್ಲಿ ಬೈನಾಕ್ಕೆ ಬುಲ್ಡೋಜರ್ ಬಂತು. ಸುಮಾರು ಹತ್ತು ವರ್ಷದ ಮೇಲೆ ಮತ್ತೆ ಬಂತು. ಚುನಾವಣೆ ಹತ್ತಿರ ಇದ್ದಾಗ ಮಾತ್ರ ಬರಲಿಲ್ಲ ಅಂತ ಅಲ್ಲಿನವರು ನಗುತ್ತಾರೆ.

ಇತ್ತ ಗೋವಾದ ಮೂಲ ಜನರೂ ಕಡಿಮೆಯಾಗುತ್ತಿದ್ದಾರೆ. ಮಕ್ಕಳು ಗಲ್ಫ್‌ಗೋ, ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿಗೋ ಹೋಗುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.3 ಮಕ್ಕಳು. 2011ರ ಜನಗಣತಿಯಲ್ಲಿ ಸುಮಾರು ಐದರಲ್ಲಿ ಒಂದು ಮನೆ ಖಾಲಿ. ಒಂದು ಕಡೆ ಬೀಗ ಹಾಕಿದ ಮನೆಗಳು, ಇನ್ನೊಂದು ಕಡೆ ಒಂದೇ ಖೋಲಿಯಲ್ಲಿ ಆರು ಜನ. ಎರಡೂ ಒಂದೇ ಊರಿನ ಲೆಕ್ಕ.

2021ರಲ್ಲಿ 30 ವರ್ಷ ವಾಸ ಇದ್ದವರಿಗೆ ಮನೆಯ ಹಕ್ಕು ಕೊಡುವ ಭೂಮಿಪುತ್ರ ಮಸೂದೆ ಬಂತು. ಗಲಾಟೆ ಎಷ್ಟಾಯಿತೆಂದರೆ ಅದು ಕಾಯ್ದೆ ಆಗಲೇ ಇಲ್ಲ. 2025ರಲ್ಲಿ ರಸ್ತೆ ಬದಿಯ ಅಕ್ರಮ ಕಟ್ಟಡಗಳ ಬಗ್ಗೆ ಹೈಕೋರ್ಟ್ ಗಟ್ಟಿಯಾಗಿ ಮಾತಾಡಿದ ಮೇಲೆ ಸರ್ಕಾರ ಕಾನೂನು ತಿದ್ದಿತು. 'ಮ್ಹಜೆ ಘರ್' ನಿಂತಿರುವುದು ಇದರ ಮೇಲೆಯೇ. ಸರ್ಕಾರಿ, ಕೊಮುನಿದಾದ್ ಜಾಗದಲ್ಲಿ 2014ರ ಫೆಬ್ರವರಿ 28ಕ್ಕೆ ಮೊದಲು ಕಟ್ಟಿದ ಮನೆ ಸಕ್ರಮ ಆಗಬಹುದು. ಬಿರ್ಲಾದವರಿಗೆ ಆಸೆ ಹುಟ್ಟಿದೆ. ಕಡಲಿಗೆ ಅಂಟಿಕೊಂಡವರಿಗೆ ಅಷ್ಟಿಲ್ಲ.

ಮತ್ತೆ, ಆ ಮೇಲಿನ ಖೋಲಿ. ಈಗ ಅಲ್ಲಿ ಒಡಿಶಾದ, ಬಿಹಾರದ, ಜಾರ್ಖಂಡಿನ ಹುಡುಗರು ಬಾಡಿಗೆಗೆ ಇದ್ದಾರೆ. ತಿಂಗಳ ಬಾಡಿಗೆ ವಸೂಲಿ ಮಾಡುವವರು ನಮ್ಮ ಕನ್ನಡದ ಅಜ್ಜಿಯರೇ. 'ಹೊರಗಿನವರು ಜಾಸ್ತಿ ಆದ್ರು ನೋಡ್ರಿ' ಅಂತ ಗೊಣಗುವವರೂ ಅವರೇ. 2024ರ ಕಾಯ್ದೆ ಪ್ರಕಾರ ಬಾಡಿಗೆದಾರರ ವಿವರವನ್ನು ಮನೆ ಮಾಲೀಕರು ಪೊಲೀಸರಿಗೆ ಕೊಡಬೇಕು. ಪತ್ರವೇ ಇಲ್ಲದ ಮನೆಗೂ ಆ ಫಾರಂನಲ್ಲಿ ಮಾಲೀಕರ ಹೆಸರು ಬರೆಯಲೇಬೇಕು, ಅಲ್ವಾ?